ಪ್ರಶ್ನೆ ಏಳು

ಪೆಟ್ಟಿಗೆಗೆ ನಾವಿಟ್ಟ ಹೆಸರು 'ಹದ'.
ಸೋಪಿನ ಡಬ್ಬಿಯಷ್ಟು, ಒಳಗೊಂದು ಸೆನ್ಸರು,
ದ್ರಾಕ್ಷಿಯ ತೇವ ಹದಿನಾರಕ್ಕೆ ಇಳಿದರೆ
ಯಜಮಾನನ ಫೋನಿಗೊಂದು ಮಿಸ್ ಕಾಲ್.
ಬೆಲೆ ಎರಡು ಸಾವಿರದ ನಾನೂರು.
ಅದನ್ನು ಕಟ್ಟಲು ತಹಸೀನಳ ಬೆಂಡೋಲೆ
ಮೂರನೆಯ ಸಲ ಒತ್ತೆ ಬಿದ್ದಿತ್ತು.

ಹಂಚಿನಾಳ ಸರ್ ಅಂದರು:
ಪ್ರಾಜೆಕ್ಟು ಆಮ್ಯಾಲೆ ಬರೀರಿ, ಮೊದಲ ಐವತ್ತು ಮಂದೀನ್ನ ಕೇಳ್ರಿ.
ಚಲೋ ಐತೇನು ಅಂತ ಮಾತ್ರ ಕೇಳಬ್ಯಾಡ್ರಿ,
ನಮ್ಮ ವಿಜಯಪುರದಾಗ ಯಾರೂ ಇಲ್ಲ ಅನ್ನಂಗಿಲ್ಲ,
ಚಾ ಕುಡಿಸಿ ಹೌದು ಅಂದು ಕಳಸ್ತಾರ.

ಹಾಗೇ ಆಯಿತು.
ಟಿಕೋಟಾದ ತನಕ ಬಸ್ಸು, ಅಲ್ಲಿಂದ ಟಂಟಂ,
ಹಸಿರು ನೆಟ್ಟು ಹೊದ್ದ ಶೆಡ್ಡುಗಳ ಸಾಲು,
ಮಾರ್ಚಿನ ಬಿಸಿಲಲ್ಲಿ ಪೊಟ್ಯಾಶಿನ ವಾಸನೆ.
ಇಪ್ಪತ್ಮೂರು ಶೆಡ್ಡು, ಇಪ್ಪತ್ತೊಂದು ಚಾ,
ಇಪ್ಪತ್ತೊಂದು 'ಭಾಳ ಚಲೋ ಐತಿ ತಂಗಿ'.
ಎರಡು ಕಡೆ ನಾಯಿ.

ಮುಂಗಡ ಇನ್ನೂರು ಕೊಡ್ತೀರಾ ಅಂದಾಗ
ಸಿದರಾಯ ಬಗಲಿಯವರು ಆಕಾಶ ನೋಡಿದರು.
ಮೋಡವಿರಲಿಲ್ಲ.
'ಮುಂದಿನ ಸುಗ್ಗಿಗೆ ನೋಡೂಣಂತ.'
ತಹಸೀನ್ ವಹಿಯಲ್ಲಿ ಬರೆದಳು: ಆಸಕ್ತಿ ಇದೆ.
ನಾನು ಗೀಟೆಳೆದು ಬರೆದೆ: ಇಲ್ಲ.
ಅವಳು ಅದಕ್ಕೂ ಗೀಟೆಳೆದಳು.
ಟಂಟಂ ಬರುವ ತನಕ ನಾವು ಮಾತಾಡಲಿಲ್ಲ.

ಇಪ್ಪತ್ನಾಲ್ಕನೆಯದರಲ್ಲಿ ಯಜಮಾನ ಇರಲಿಲ್ಲ.
ಕಟ್ಟೆಯ ಮೇಲೆ ಕಡ್ಡಿ ಆರಿಸುವ ಎಂಟು ಹೆಂಗಸರು,
ಹಿರಿಯಳು ಘಮಲಿಬಾಯಿ, ತಾಂಡಾದವಳು,
ಪೆಟ್ಟಿಗೆಯನ್ನು ಕಿವಿಗೆ ಹಿಡಿದು ಅಲುಗಾಡಿಸಿದಳು.
'ಇದು ಏನ್ ಹೇಳ್ತೈತಿ?'
ಹದ ಹೇಳ್ತೈತಿ, ಅಂದೆ.
ಬಲೆಯ ಮೇಲಿಂದ ಒಂದು ಹಿಡಿ ತೆಗೆದು, ಹಿಚುಕಿ, ಬಿಟ್ಟಳು.
ಹಣ್ಣು ಒಂದಕ್ಕೊಂದು ಅಂಟದೆ
ಮುನಿಸಿಕೊಂಡ ಅಕ್ಕತಂಗಿಯರಂತೆ ಬಿಡಿಬಿಡಿಯಾಗಿ ಬಿದ್ದವು.
'ನಾಳೆ ಇಳಸಬೇಕು,' ಅಂದಳು.
ನಮ್ಮ ಪೆಟ್ಟಿಗೆಯೂ ಅದನ್ನೇ ಅಂದಿತು,
ನಾಲ್ಕು ನಿಮಿಷ ತಡವಾಗಿ.

ಹಾಳೆಯಲ್ಲಿ ಏಳನೆಯ ಪ್ರಶ್ನೆಯೊಂದಿತ್ತು:
ನಿಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ತ್ರಾಸು ಯಾವುದು?
ಯಜಮಾನರ ಮುಂದೆ ಅಲ್ಲಿಯ ತನಕ ಹೋಗಿರಲೇ ಇಲ್ಲ,
ಬೆಲೆಯ ಮಾತು ಬಂದೊಡನೆ ಕಪ್ಪು ಖಾಲಿಯಾಗುತ್ತಿತ್ತು.
ಅವಳು ಉತ್ತರ ಹೇಳಲಿಲ್ಲ, ಕೈ ಚಾಚಿದಳು.
ಹತ್ತೂ ಬೆರಳ ತುದಿ ನುಣ್ಣಗೆ,
ಉಜ್ಜಿ ಉಜ್ಜಿ ಬರಹ ಅಳಿದ ಪಾಟಿ.
'ಗೊನಿ ಎದ್ದೋ ನೀರು ತಿಂದೈತಿ.
ರೇಶನ್ ಅಂಗಡ್ಯಾಗ ಹೆಬ್ಬಟ್ಟ ಒತ್ತಿದ್ರ
ಯಂತ್ರ ನನ್ನ ಗುರ್ತಾ ಹಿಡ್ಯಾಂಗಿಲ್ಲ.
ಇದಕ್ಕೊಂದು ಪೆಟಗಿ ಐತೇನು ನಿನ್ನ ಕಡೆ?'
ಎಂಟೂ ಮಂದಿ ನಕ್ಕರು.
ತಹಸೀನ್ ತನ್ನ ಹೆಬ್ಬೆರಳನ್ನೇ ನೋಡಿಕೊಳ್ಳುತ್ತಿದ್ದಳು.

ಮರುವಾರ ರಬ್ಬರಿನ ಕೈಗವಸು ಒಯ್ದೆವು, ನಾಲ್ಕು ಜೋಡಿ.
ಅರ್ಧ ಗಂಟೆಯಲ್ಲಿ ಬೆವರಿ ಕಿತ್ತೆಸೆದರು.
'ಕೈಗೆ ಹಣ್ಣು ಮಾತಾಡಂಗಿಲ್ಲ ಇದರಾಗ.'
ಅದರ ಮುಂದಿನ ವಾರ ಒಳಗೆ ಹತ್ತಿಬಟ್ಟೆ ಹೊಲಿದದ್ದು,
ಮೊಳಕೈ ತನಕ, ಎದ್ದುವಾಗ ಮಾತ್ರ ತೊಡಲಿಕ್ಕೆ;
ಅಳತೆ ತಪ್ಪಿ ಎರಡೂ ಎಡಗೈಯವೇ ಆಗಿದ್ದವು.
ಬೈದಳು. ತಿರುವಿ ತೊಟ್ಟಳು. ಸಂಜೆಯ ತನಕ ತೆಗೆಯಲಿಲ್ಲ.
ಹೊರಡುವಾಗ, ನಾವು ಕೇಳದೆಯೇ:
'ಇದಕ್ಕ ಎಷ್ಟು?'

ಎಷ್ಟು ಅಂತ ನಮಗೇ ಗೊತ್ತಿರಲಿಲ್ಲ.
ತಹಸೀನ್ ನಲವತ್ತು ಅಂದಳು, ನಾನು ಅರವತ್ತು ಅಂದೆ, ಒಟ್ಟಿಗೇ.
ಘಮಲಿಬಾಯಿ ಕಡಿಮೆಯದನ್ನು ಆರಿಸಿಕೊಂಡು
ಎಲೆಚೀಲದಿಂದ ಇಪ್ಪತ್ತು ತೆಗೆದಳು.
ಉಳಿದದ್ದು ಬಟವಡೆ ದಿನ.

ಸರ್ ಕೇಳಿದರು, ಏನಾತು, ಕಲ್ಪನಾ ಪಾಸೋ, ನಾಪಾಸೋ?
ಶನಿವಾರ ಹೇಳ್ತೀವಿ ಸರ್, ಅಂದೆವು.
ನೋಟು ವಹಿಯಲ್ಲಿದೆ, ಎರಡು ಗೀಟುಗಳ ಪುಟಕ್ಕೆ
ಅಂಟಿಕೊಂಡು ಬಿಟ್ಟಿದೆ.
ಪೆಟ್ಟಿಗೆ ಹಾಸ್ಟೆಲಿನ ಕಿಟಕಿಯಲ್ಲಿದೆ;
ನಡುರಾತ್ರಿ ಗಾಳಿ ಒಣಗಿದಾಗ
ನನಗೇ ಮಿಸ್ ಕಾಲ್ ಕೊಡುತ್ತದೆ.