ಅಡಿಬರಹ ಹರಿದ ಚಿತ್ರ

ಲಡ್ಲೋ ಕೋಟೆಯ ಮುಂದಿನ ಚೌಕದಲ್ಲಿ
ಭಾನುವಾರದ ಹಳೆ ಸಾಮಾನಿನ ಸಂತೆ.
ತುಕ್ಕು ಕತ್ತರಿ, ಒಂಟಿ ಕೈಗವಸು, ಯಾರದೋ ಪದಕ,
ಎಲ್ಲದರ ಕೆಳಗೆ, ಪಿಂಗಾಣಿ ತಟ್ಟೆಗಳ ಭಾರಕ್ಕೆ
ಅಂಗಾತ ಮಲಗಿತ್ತು ಈ ಚಿತ್ರ.

ಮುದ್ರಣವಲ್ಲ, ಅಸಲು.
ಕಣ್ಣಿಗಿಂತ ಮೊದಲು ಬೆರಳು ಹೇಳಿತು:
ಮಸಿ ಒಣಗಿದಲ್ಲಿ ಕಾಗದ ಸಣ್ಣಗೆ ಉಬ್ಬಿದೆ,
ತಪ್ಪಿದಲ್ಲಿ ಬಿಳಿ ಬಣ್ಣ,
ಹಬ್ಬಕ್ಕೆ ಸುಣ್ಣ ಹೊಡೆದ ಗೋಡೆಯ ಹಾಗೆ, ದಪ್ಪಗೆ.
ಅಂಚಿನಲ್ಲಿ ನೀಲಿ ಪೆನ್ಸಿಲಿನ ಅಪ್ಪಣೆ:
‘ಮೂರೂವರೆ ಇಂಚಿಗೆ ಇಳಿಸಿ. ಗುರುವಾರದೊಳಗೆ.’
ಯಾವ ಗುರುವಾರವೋ.

ಒಬ್ಬ ಬಿಷಪ್ ಏಣಿಯ ಮೇಲೆ.
ಏಣಿ ಯಾವುದಕ್ಕೂ ಒರಗಿಲ್ಲ.
ಕೆಳಗೊಂದು ಕೋಳಿ, ರೆಕ್ಕೆಗೆ ಕೈಚೀಲ ಸಿಕ್ಕಿಸಿಕೊಂಡು
ಬಸ್ಸಿಗೆ ತಡವಾದವಳಂತೆ ಮೇಲೆ ನೋಡುತ್ತಿದೆ.
ಅಷ್ಟೇ. ಕೆಳಗಿನ ಎರಡು ಬೆರಳಗಲ,
ಜೋಕು ಇದ್ದ ಪಟ್ಟಿ, ಹರಿದುಹೋಗಿದೆ.

‘ಮಾತಿಲ್ಲ, ಅದಕ್ಕೇ ಹನ್ನೆರಡು ಪೌಂಡು,’
ಅಂದಳು ಮಾರುವಾಕೆ, ಗ್ವೆಂಡಾ ಪ್ರಾಬರ್ಟ್.
‘ಮಾತಿದ್ದಿದ್ದರೆ ನೂರು.’

ಕಾರ್ವ್ ಸ್ಟ್ರೀಟಿನ ನನ್ನ ಕನ್ನಡಕದಂಗಡಿಯ ಗೋಡೆಗೆ
ಆಗಲೇ ಇದ್ದವು ನಲವತ್ತೊಂದು:
ಮಕ್ಕಳ ಪುಸ್ತಕಕ್ಕೆ ಬರೆದ ಪೊಲೀಸ್ ಮುಳ್ಳುಹಂದಿ,
ಸೂಪಿನಲ್ಲಿ ಈಜುವ ಮೇಯರ್,
ಮೀಸೆಯನ್ನು ಬ್ಯಾಂಕಿನಲ್ಲಿ ಅಡವಿಟ್ಟವನು.
‘ಇದನ್ನು ಖರ್ಚಿನ ಯಾವ ಕಾಲಮಿಗೆ ಹಾಕಲಿ?’
ಲೆಕ್ಕ ಬರೆಯುವ ಡೆಸ್ಮಂಡ್ ಪ್ರತಿ ಮಾರ್ಚಿಗೂ ಕೇಳುತ್ತಾನೆ.
‘ಪೀಠೋಪಕರಣ,’ ಅನ್ನುತ್ತೇನೆ.

ಕಣ್ಣೊಳಗೆ ಇಣುಕುವ ಪುಟ್ಟ ದೀಪ ಹಿಡಿದು ನೋಡಿದೆ:
ಬಿಳಿ ಬಣ್ಣದಡಿಯಲ್ಲಿ ಏಣಿಯಷ್ಟೇ ಎತ್ತರದ
ಇನ್ನೊಂದು ಕೋಳಿ.
ಹಿಂಬದಿಯಲ್ಲಿ ಬೇರೆಯವರ ಕೈ: ‘ಚಿಕ್ಕದು ಮಾಡಿ, ಹೆದರಿಕೆಯಾಗುತ್ತದೆ.’

ಚೌಕಟ್ಟು ಹಾಕಿಸುವಾಗ ಕೆಳಗೆ
ಎರಡು ಬೆರಳಗಲ ಖಾಲಿ ಬಿಡಿಸಿದೆ.
ಹನ್ನೊಂದು ವರ್ಷ ಆ ಖಾಲಿಗೆ ಮಾತು ಹುಡುಕಿದೆ.
ಕೋಳಿ ಕೇಳಬಹುದು: ‘ಸ್ವಾಮಿ, ಮೇಲೆ ಸಿಗ್ನಲ್ ಇದೆಯೇ?’
ಚಿತ್ರ ಬರೆದ ಕಾಲಕ್ಕೆ ಸಿಗ್ನಲ್ ಎಂದರೆ ರೈಲಿನದು. ಬೇಡ.
ಬಿಷಪ್ ಹೇಳಬಹುದು: ‘ಮೊಟ್ಟೆ ಇಲ್ಲೂ ಇಲ್ಲ.’
ಪರವಾಗಿಲ್ಲ ಅನಿಸಿತ್ತು; ಬೆಳಗಾಗುವಷ್ಟರಲ್ಲಿ ಹಳಸಿತು.

ಒಂದು ಸಂಜೆ ಶಟರ್ ಎಳೆಯುವಾಗ
ಅಜ್ಜಿಯ ಬಾಯಿಂದ ಬಿದ್ದ ಹಾಗೆ ಬಿತ್ತು:
ಅಟ್ಟಕ್ಕೆ ಹಾರಲಾರದವನು ಬೆಟ್ಟಕ್ಕೆ ಹಾರಿಯಾನೇ!
ಒಬ್ಬನೇ ನಕ್ಕೆ, ಪಕ್ಕದ ಬೇಕರಿಯವರು ಗೋಡೆ ತಟ್ಟುವಷ್ಟು.
ಪೆನ್ಸಿಲಿನಲ್ಲಿ ಬರೆದೇಬಿಟ್ಟೆ, ದುಂಡಗೆ, ಕನ್ನಡದಲ್ಲೇ.
ಇಂಗ್ಲಿಷಿನಲ್ಲಿ ಹೇಳಿ ನೋಡಿದೆ,
ಕೋಳಿ ಬರೀ ಕೋಳಿಯಾಯಿತು.

ಸೋಮವಾರ ಬಂದ ಮುದುಕ ಲೇಥಮ್ ಸಾಹೇಬರು
ಅದನ್ನೇ ಹೊಸ ಚಾರ್ಟು ಅಂದುಕೊಂಡು
ಎಡಗಣ್ಣು ಮುಚ್ಚಿ ಓದತೊಡಗಿದರು:
‘ಸೊನ್ನೆ. ಕೊಂಬಿನ ಸೊನ್ನೆ. ಕೊಡೆ ಹಿಡಿದ ಸೊನ್ನೆ...’
ಕೊನೆಯ ತನಕ ಓದಿದರು. ಒಂದೂ ತಪ್ಪಿಲ್ಲ.

ಆಮೇಲೆ ಬಂದವಳು ಥರ್ಜಾ ಗಫ್, ಚೀಸ್ ಮಾಡುವವಳು.
ಪಾಪೆ ಹಿಗ್ಗಲೆಂದು ಹನಿ ಹಾಕಿ ಕೂರಿಸಿದ್ದೆ.
ಎಲ್ಲವೂ ಕಲಸಿಹೋಗುವ ಆ ಅರ್ಧ ಗಂಟೆಯಲ್ಲಿ
ನಗತೊಡಗಿದಳು, ಮೊದಲು ಮೂಗಿನಲ್ಲಿ, ಆಮೇಲೆ ಭುಜದಲ್ಲಿ.
‘ಓದಿದಿರಾ?’
‘ಏನನ್ನು? ಎಲ್ಲ ಮಂಜು. ಅವನ ಬೆನ್ನು ನೋಡಿ, ಅಷ್ಟೇ.’

ನೋಡಿದೆ.
ಕುತ್ತಿಗೆಯಿಂದ ಹಿಮ್ಮಡಿವರೆಗೆ ಒಂದೇ ಗೆರೆ, ಪೆನ್ನು ಎತ್ತಿಲ್ಲ,
ನಡುವೆ ಒಂದೆಡೆ ಮಾತ್ರ ಕೊಂಚ ನಡುಗಿದೆ.
ಏಣಿಗೆ ಆಸರೆಯಿಲ್ಲವೆಂದು ಬೆನ್ನಿಗೆ ಗೊತ್ತಾಗಿದೆ,
ಮುಖಕ್ಕೆ ಇನ್ನೂ ಗೊತ್ತಿಲ್ಲ.

ಮೊನ್ನೆ ಗ್ವೆಂಡಾಳ ಫೋನು.
ಬಿಸ್ಕತ್ ಡಬ್ಬಿಯ ತಳದಲ್ಲಿ ಸಿಕ್ಕಿದೆಯಂತೆ
ಹರಿದ ಪಟ್ಟಿ, ಮಾತಿನ ಸಮೇತ.
‘ಬಾಕಿ ಎಂಬತ್ತೆಂಟು ಕೊಟ್ಟು ತಗೊಂಡು ಹೋಗಿ.’
‘ಓದಬೇಡ,’ ಅಂದೆ.
ಅವಳು ಆಗಲೇ ಉಸಿರೆಳೆದುಕೊಂಡಿದ್ದಳು.

ಇವತ್ತು ಭಾನುವಾರ.
ದುಡ್ಡು ಎಣಿಸಿ ಜೇಬಿನಲ್ಲಿಟ್ಟಿದ್ದೇನೆ.
ಬೂಟು ಹಾಕಿಲ್ಲ.