ಬೇಯದ ನೂಲು

ಸೆಕೆಂಡ್ ಪಿಯು, ಬಿ ಸೆಕ್ಷನ್, ಊಟದ ನಂತರದ ಪಿರಿಯಡ್ಡು.
ನರಸೀಪುರದ ಬಿಸಿಲು ಕಿಟಕಿ ಸರಳಿಗೆ ಒರಗಿ ತೂಕಡಿಸುತ್ತಿತ್ತು.
ಪ್ರೋಟೀನಿಗೆ ನಾಲ್ಕು ಹಂತ, ಅಂತ ಬರೆದೆ.
ಸೀಮೆಸುಣ್ಣ ಮುರಿಯಿತು.
ಉಳಿದ ಮೋಟಿನಲ್ಲೇ ಶುರು ಮಾಡಿದೆ.

ಮೊದಲು ಸಾಲು. ಬರೀ ಸಾಲು.
ಇಪ್ಪತ್ತು ಬಗೆಯ ಮಣಿ;
ಯಾವುದರ ಪಕ್ಕ ಯಾವುದು, ಅಷ್ಟೇ ಲೆಕ್ಕ.
ಒಂದು ಮಣಿ ತಪ್ಪಿದರೆ? ಕೇಳಿದೆ.
‘ಮಾರ್ಕ್ಸ್ ಕಟ್’ ಅಂದ ಕೊನೇ ಬೆಂಚಿನ ಚಿರಂತ.
ನಕ್ಕರು, ನಾನೂ ನಕ್ಕೆ.
ಒಂದೇ ಮಣಿ ತಪ್ಪಿ
ನೆತ್ತರಿನ ಕಣ ಕುಡುಗೋಲಾಗಿ ಬಾಗುವ ಸಂಗತಿ
ಆ ನಗುವಿನ ನಡುವೆ ಹೇಳಲಾಗಲಿಲ್ಲ.

ಆಮೇಲೆ ಸುರುಳಿ.
ಹಳೇ ಫೋನಿನ ವೈರಿನ ಹಾಗೆ ಅಂದೆ,
ಅಂಥದ್ದನ್ನು ಅವರು ಕಂಡೇ ಇಲ್ಲ.
ಸರಿ, ನೆರಿಗೆ ನೋಡಿ, ಅಂತ
ನನ್ನ ಸೀರೆಯದನ್ನೇ ಬೆರಳಲ್ಲಿ ಹಿಡಿದು ತೋರಿಸಿದೆ:
ಮಗ್ಗುಲಿಗೆ ಮಗ್ಗುಲು, ಒತ್ತೊತ್ತಾಗಿ.
ಇಲ್ಲಿ ಒಂದು ಪಿನ್ನು. ಅಲ್ಲಿ ಹೈಡ್ರೋಜನ್ ಬಂಧ;
ಒಂಟಿಯಾಗಿ ಬಡಕಲು, ಸಾವಿರ ಸೇರಿದರೆ ಜಗ್ಗದು.
ರೇಷ್ಮೆ ಅಂದರೆ ಇದೇ ಮಕ್ಕಳೇ:
ಗ್ಲೈಸಿನ್ ಅಲನಿನ್, ಗ್ಲೈಸಿನ್ ಅಲನಿನ್, ಗ್ಲೈಸಿನ್ ಸೆರಿನ್,
ಮತ್ತೆ ಅದೇ, ಮತ್ತೆ ಅದೇ,
ಹುಳ ಅರಿಯದೆ ಒಪ್ಪಿಸುವ ಮಗ್ಗಿ.

ಮೂರನೆಯದು ಮುದುಡುವುದು.
ನೀರೊಲ್ಲದ ಮಣಿ ಒಳಗೆ ಅವಿತು
ನೀರೊಲಿದದ್ದು ಹೊರಗೆ ಕೂತು
ಉದ್ದನೆ ದಾರಕ್ಕೆ ಒಂದು ಮೈ, ಒಂದು ಕೆಲಸ.
ಕಾಯಿಸಿದರೆ ಮಡಿಕೆ ಬಿಚ್ಚುತ್ತದೆ.
ಸಾಲು ಹಾಗೇ ಇರುತ್ತದೆ,
ತಾನು ಯಾರೆಂಬುದು ಮಾತ್ರ ಮರೆತಿರುತ್ತದೆ.

‘ಕಾಯ್ಸುದ್ರೆ ಎಲ್ಲಾನೂ ಬಿಚ್ಕೋತದಾ ಮೇಡಂ?’
ಇಂಪನಾ. ಮೂರು ತಿಂಗಳಲ್ಲಿ ಮೊದಲನೇ ಮಾತು.
ಹೆಚ್ಚುಕಮ್ಮಿ ಎಲ್ಲಾ, ಅಂದೆ.
‘ಇಲ್ಲ ಮೇಡಂ. ಗೂಡು ಬೇಯಿಸ್ತೀವಿ, ಅಂಟು ಹೋಯ್ತದೆ,
ನೂಲು ಬೇಯಕ್ಕಿಲ್ಲ.
ನಮ್ಮವ್ವನ ಬೆಳ್ಳು ಬೇಯ್ತವೆ.’

ನನ್ನಲ್ಲಿ ಉತ್ತರವಿತ್ತು, ಅದೇ ಕಷ್ಟ.
ಹೇಳಿಯೂಬಿಟ್ಟೆ: ರೇಷ್ಮೆಯ ನೆರಿಗೆ ಬಲು ಬಿಗಿ,
ಕುದಿನೀರಿಗೂ ಸಂದು ಸಿಗದು;
ಚರ್ಮದ್ದು ಸುರುಳಿ, ನೆನೆದು ಬೆಂದು ಸಡಿಲುತ್ತದೆ.
ಅವಳು ತಲೆ ತಗ್ಗಿಸಿ ಬರೆದುಕೊಂಡಳು,
‘ಸಡಿಲುತ್ತದೆ’ಯ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಳು.
ಗಂಟೆ ಹೊಡೆಯಿತು. ನಾಲ್ಕನೆಯದು ಉಳಿಯಿತು.

ಸಂಜೆ ಬಸ್ ಸ್ಟ್ಯಾಂಡಿನ ದಾರಿ ಬಿಟ್ಟು
ಬಿಚ್ಚಾಣಿಕೆ ಶೆಡ್ಡಿನ ಕಡೆ ನಡೆದೆ.
ಬೆಂದ ಹುಳದ ವಾಸನೆ, ಹಬೆ, ತಿರುಗುವ ರಾಟೆ.
ನಿಂಗರಾಜಮ್ಮ ಬೋಗುಣಿಯೊಳಗೆ ಕೈ ಅದ್ದಿ
ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕುತ್ತಿದ್ದರು.
ಎಂಟು ಗೂಡಿನ ಎಂಟು ಎಳೆ ಎತ್ತಿ ಸೇರಿಸಿದರೆ
ಒಂದು ನೂಲು, ಆಗಲೂ ಕೂದಲಿಗಿಂತ ಸಣ್ಣ.
‘ಇಂಪನ ಮೇಡಮ್ಮಾ? ಕೈ ಕೊಡಕಾಗಕ್ಕಿಲ್ಲ ಕಣವ್ವ’ ಎಂದು
ಮೊಣಕೈಯಿಂದ ಸ್ಟೂಲು ಸರಿಸಿದರು.
ಬೆರಳ ತುದಿ ನೆನೆದ ಅವಲಕ್ಕಿಯಂತೆ ಬಿಳಿ;
ಅಲ್ಲಿ ಗೆರೆಗಳಿಲ್ಲ, ಸುಳಿಗಳಿಲ್ಲ.
‘ರೇಸನ್ ಅಂಗ್ಡಿ ಮಿಸನ್ನು ಒಪ್ಪಕ್ಕಿಲ್ಲ.
ಎಷ್ಟು ಒತ್ತುದ್ರೂ ನಾನು ನಾನಲ್ಲ ಅಂತದೆ’
ಎಂದು ಜೋರಾಗಿ ನಕ್ಕರು,
ಪಕ್ಕದ ಬೋಗುಣಿಯವರೂ ನಕ್ಕರು,
ಯಾರ ರಾಟೆಯೂ ನಿಲ್ಲಲಿಲ್ಲ.

ಮರುದಿನ ಹಾಜರಿ ಕೂಗಿದೆ. ಇಂಪನಾ?
‘ರೇಷನ್ ಕ್ಯೂಲವಳೆ ಮೇಡಂ,
ಅವಳ ಹೆಬ್ಬೆಟ್ಟೇ ಬೇಕು.’
ಪೆನ್ನು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು,
ಆಮೇಲೆ ಹಾಜರ್ ಅಂತಲೇ ಬರೆದೆ.

ಬೋರ್ಡಿಗೆ ತಿರುಗಿದೆ. ನಾಲ್ಕನೇ ಹಂತ:
ಮಡಿಸಿಕೊಂಡ ಸರಪಳಿಗಳು ಒಂದರ ಪಕ್ಕ ಒಂದು ಬಂದು
ಒಟ್ಟಾಗಿ ಮಾಡುವ ಕೆಲಸ.
ಹಿಮೋಗ್ಲೋಬಿನ್ ನೋಡಿ, ನಾಲ್ವರ ಮನೆ.
ಒಂದು ಉಸಿರು ಹಿಡಿಯಿತೋ
ಉಳಿದವಕ್ಕೆ ಹಿಡಿಯುವುದು ಸಲೀಸು.
ಬರೆದುಕೊಳ್ಳಿ, ಅಂದೆ. ಬರೆದುಕೊಂಡರು.
ಸೀಮೆಸುಣ್ಣದ ಪುಡಿ ಹತ್ತಿದ್ದ ಹೆಬ್ಬೆರಳನ್ನು
ಕಿಟಕಿಯ ಬೆಳಕಿಗೆ ಹಿಡಿದೆ:
ಗೆರೆ, ಗೆರೆ, ಗೆರೆ.