ಹೋದ ವರ್ಷದ ಕ್ರಿಸ್‌ಮಸ್ ಮರ

ಗುರುವಾರ, ಹನ್ನೊಂದೂಕಾಲು. ಡಂಡಿ ಊರಿನಲ್ಲಿ
ಟೇ ನದಿಯ ಗಾಳಿಗೆ ಬೆನ್ನು ಕೊಟ್ಟು
ಮೂವರು ಕೂತಿದ್ದೇವೆ. ಇಬ್ಬರು
ತಮ್ಮ ಕುರ್ಚಿ ತಾವೇ ತಂದವರು.
ನಾನೊಬ್ಬಳು ಹೋಟೆಲಿನ ಕುರ್ಚಿಯವಳು.

ಸೆಂಗಾ ಚಹಾ ಬಗ್ಗಿಸಿ ಅರ್ಧ ಕಪ್ಪಿಗೆ ನಿಲ್ಲಿಸುತ್ತಾಳೆ.
"ಇಲ್ಲಿಯದು ಹೇಗಿದೆ?" ಅನ್ನುತ್ತಾನೆ ಫರ್ಗಸ್.
ಕೇಕಿನ ಮಾತಲ್ಲ. ಇವರಲ್ಲಿ ಆ ಪ್ರಶ್ನೆಗೆ ಒಂದೇ ಅರ್ಥ.
"ಬಾಗಿಲು ಅಗಲ, ಬೀಗವೂ ನಮ್ಮದೇ. ಒಳಗೆ
ಮಕ್ಕಳನ್ನು ಕೂರಿಸುವ ಎತ್ತರದ ಕುರ್ಚಿ ಎರಡು,
ನೆಲ ಒರೆಸುವ ಬಕೆಟ್ಟು, ಹೋದ ವರ್ಷದ ಕ್ರಿಸ್‌ಮಸ್ ಮರ,
ನಕ್ಷತ್ರದ ಸಮೇತ."
"ಮತ್ತೆ ನೀನು?"
"ನಾನು ಹೊಸ್ತಿಲಲ್ಲೇ ಹಬ್ಬ ಮುಗಿಸಿ ಬಂದೆ."

ಬೇರೆಯವರು ಊರನ್ನು ಬೀದಿಯ ಹೆಸರಲ್ಲಿ ಬಲ್ಲರು,
ಇವರು ಗೋಡೆಯ ಹಿಡಿಕೆಗಳಲ್ಲಿ:
ಗ್ರಂಥಾಲಯದ್ದು ಎಡಗೈ ಗಟ್ಟಿಯಿದ್ದವರಿಗೆ,
ಬಸ್ ನಿಲ್ದಾಣದ್ದು ಐದಕ್ಕೇ ಮಲಗುತ್ತದೆ,
ಸಿನಿಮಾ ಮಂದಿರದ್ದು ಅರಮನೆ,
ಅರಮನೆಗೆ ಎರಡು ಮೆಟ್ಟಿಲು.

ಫರ್ಗಸ್ ಬಿದ್ದ ಕತೆ ನನಗೆ ಬಾಯಿಪಾಠ.
ಎಳೆದರೆ ಗಂಟೆ ಬಾರಿಸುವ ಕೆಂಪು ದಾರ
ನೆಲದವರೆಗೆ ಇಳಿದಿರಬೇಕು.
ಒಪ್ಪ ಓರಣದ ಯಾವುದೋ ಕೈ ಅದನ್ನು
ಸುತ್ತಿ, ಮಡಿಸಿ, ಜಡೆಯ ಹಾಗೆ ಮೇಲೆ ಕಟ್ಟಿತ್ತು.
"ನಲವತ್ತು ನಿಮಿಷ ನೆಲದ ಮೇಲೆ. ಎಷ್ಟು ಚಂದದ ಗಂಟು!
ಟೈಲ್ಸು ಎಣಿಸಿದೆ. ಇನ್ನೂರ ಹನ್ನೆರಡು. ಒಂದು ಒಡೆದಿತ್ತು.
ಕೊನೆಗೆ ಬಾಗಿಲು ಬಡಿದವಳು ಬೈದಳು:
ಒಳಗೇ ಸಂಸಾರ ಹೂಡಿದ್ದೀಯೇನು?"
ಆರ್ಬ್ರೋತಿನ ಬಲೆ ಹೆಣೆಯುವವರ ಮನೆ ಅವನದು.
ಅಂದಿನಿಂದ ಹೋದಲ್ಲೆಲ್ಲ
ಮೊದಲು ಗಂಟು ಬಿಚ್ಚುತ್ತಾನೆ, ಆಮೇಲೆ ಮಿಕ್ಕಿದ್ದು.

ಸೆಂಗಾ ನಗುತ್ತ ನಗುತ್ತ ನಿಲ್ಲಿಸಿದಳು.
"ಅಮ್ಮ ಸೆಣಬಿನ ಗಿರಣಿಯಲ್ಲಿದ್ದಳು.
ಮಗ್ಗದ ಸದ್ದಿಗೆ ಕಿವಿ ಹೋಗಿ
ತುಟಿಯಲ್ಲೇ ಮಾತು, ತುಟಿಯಲ್ಲೇ ಜಗಳ.
ಎದ್ದು ಹೋಗಲು ಮೇಸ್ತ್ರಿ ಬಿಡುತ್ತಿರಲಿಲ್ಲ.
ಅವಳೂ ನನ್ನ ಹಾಗೇ ನೀರನ್ನು ಅಳೆದು ಕುಡಿದಳು.
ಎರಡು ಕಾಲೂ ನೆಟ್ಟಗಿದ್ದವು, ನೋಡು."

ನಾನು ಮಾತಾಡಲಿಲ್ಲ.
ಮೇಜಿನ ಕೆಳಗೆ ನನ್ನ ಬಲಗಾಲು
ಯಾರದೋ ಕಾಲಿನ ಹಾಗೆ ಜುಮ್ಮೆನ್ನುತ್ತಿತ್ತು.
ಆರು ತಿಂಗಳಾಯಿತು ಡಾಕ್ಟರು ಹೆಸರಿಟ್ಟು.
ಹೆಸರು ಇನ್ನೂ ಲಕೋಟೆಯಲ್ಲೇ ಇದೆ.
ಮೊನ್ನೆ ಮಂಗಳವಾರ, ದಿನಸಿ ಅಂಗಡಿಯಲ್ಲಿ,
ತಡೆಯಲಾರದೆ ಆ ಅಗಲ ಬಾಗಿಲಿಗೆ ಓಡಿದ್ದೆ.
ಹೊರಬಂದಾಗ ಒಬ್ಬ ನನ್ನ ಪಾದ ನೋಡಿದ.
"ನಡೀತೀಯಲ್ಲಮ್ಮ!"
ಕ್ಷಮಿಸಿ ಅಂದೆ.
ಯಾಕಂದೆನೋ, ರಾತ್ರಿಯೆಲ್ಲ ಅದೇ ಯೋಚನೆ.

ಸೆಂಗಾ ಚೀಲ ತಡಕಿ, ನನ್ನತ್ತ ನೋಡದೆ
ಸಕ್ಕರೆ ಬಟ್ಟಲ ಪಕ್ಕ ಇಟ್ಟಳು
ದಪ್ಪ ತಲೆಯ ಬೆಳ್ಳಿಬಣ್ಣದ ಕೀಲಿಕೈ.
"ವಿಲ್ಮಾಳದು. ಫೆಬ್ರವರಿಯಲ್ಲಿ ಅವಳು ಹೋದಾಗಿನಿಂದ
ನನ್ನ ಚೀಲದಲ್ಲಿ ಗಲಗಲ ಅನ್ನುತ್ತಿದೆ.
ಆಗಿನಿಂದ ಮೂರು ಸಲ ಬಾಗಿಲ ಕಡೆ ನೋಡಿದೆ ನೀನು.
ನಾನು ಗಿರಣಿಯವಳ ಮಗಳು ಕಣೇ,
ಆಡದ ಮಾತೂ ತುಟಿಯಲ್ಲಿ ಕಾಣುತ್ತೆ."

ಏನು ಹೇಳುವುದು?
ಅಷ್ಟರಲ್ಲಿ ಫರ್ಗಸ್ ಆಚೆಯಿಂದ ಬರುತ್ತಿದ್ದ,
ಕ್ರಿಸ್‌ಮಸ್ ಮರವನ್ನು ತೊಡೆಯ ಮೇಲೆ
ಮದುಮಗಳಂತೆ ಕೂರಿಸಿಕೊಂಡು, ಗಾಲಿ ತಳ್ಳುತ್ತ.
ಹಿಂದೆ ಬಕೆಟ್ಟು ಹಿಡಿದು ಕೆಂಪೇರಿದ ಮಾಲೀಕ.
ಏಪ್ರಿಲ್ ಬಿಸಿಲಲ್ಲಿ ನಕ್ಷತ್ರ ಉದುರಿ
ಯಾರದೋ ಸೂಪಿನ ಬದಿಗೆ ಬಿತ್ತು.

ಎದ್ದೆ. ಮೇಜು ಹಿಡಿದೆ, ಬಿಟ್ಟೆ.
ಕೀಲಿ ತಣ್ಣಗಿತ್ತು, ಎಡಕ್ಕೆ ತಿರುಗಿತು.
ಒಳಗೆ ಕೆಂಪು ದಾರ, ಎತ್ತರದಲ್ಲಿ, ಗಂಟು ಹಾಕಿಕೊಂಡು.
ಉಗುರಿಗೆ ಬೇಗ ಬಗ್ಗಲಿಲ್ಲ.
ಬಿಚ್ಚಿ ಬಿಟ್ಟೆ. ಓಲಾಡಿ ಓಲಾಡಿ
ಟೈಲ್ಸಿಗೆ ತಾಗಿ ಟಿಕ್ ಎಂದಿತು.

ಹೊರಗಿನಿಂದ ಸೆಂಗಾಳ ಕೂಗು:
"ಇನ್ನೊಂದು ಕೇಕು ಹೇಳಲೇನೇ?"